ಒಂದೊಂದು ಕೈ ಬರುತ್ತದೆ, ಕೂಡಿಸಿದರೆ ನಿಲ್ಲುತ್ತದೆ: ಪಿಯಾನೊ ಕಲಿಕೆಯ ಆರಂಭಕ್ಕೊಂದು ದೋಷ ನಿವಾರಣೆ ಕೈಪಿಡಿ

"ಸರ, ಬಲಗೈ ಬೇಷ್ ಬಾರಸ್ತಾಳ್ರಿ, ಎಡಗೈನೂ ಬರ್ತದ. ಎರಡೂ ಕೂಡಿಸಿದ್ರ ಮಾತ್ರ ನಿಂತ ಬಿಡ್ತದ್ರಿ." ಹುಬ್ಬಳ್ಳಿ-ಧಾರವಾಡದಲ್ಲಿ ಪಿಯಾನೊ, ಕೀಬೋರ್ಡ್ ಕಲಿಸುವವರ ಹತ್ತಿರ ಪಾಲಕರು ತರುವ ದೂರು ಹೆಚ್ಚುಕಡಿಮೆ ಇದೇ. ಅದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಒಂದೊಂದು ಕೈ ಇನ್ನೂ ಪಕ್ಕಾ ಮಾಡ್ರಿ, ತಾನಾಗಿಯೇ ಕೂಡ್ತದ."

ತಾನಾಗಿಯೇ ಕೂಡುವುದಿಲ್ಲ. ಬಲಗೈಗೆ ಬಲಗೈಯ ಪಾಠ ಗೊತ್ತು, ಎಡಗೈಗೆ ಎಡಗೈಯದು ಗೊತ್ತು. ಆದರೆ ಬಲಗೈಯ ಮೂರನೇ ಸ್ವರ ಬೀಳುವ ಹೊತ್ತಿಗೆ ಎಡಗೈ ಒತ್ತಿ ಹಿಡಿದಿರಬೇಕೋ, ಎತ್ತಬೇಕೋ, ಹೊಸ ಸ್ವರ ಹಿಡಿಯಬೇಕೋ ಎಂಬುದು ಎರಡರಲ್ಲಿ ಯಾವ ಕೈಯ ಅಭ್ಯಾಸದಲ್ಲೂ ಇರಲಿಲ್ಲ. ದೋಷ ಇರುವುದು ಜೋಡಣೆಯಲ್ಲಿ. ಹಾಗಾಗಿ ಹುಡುಕಬೇಕಾದದ್ದೂ ಅಲ್ಲಿಯೇ, ಎರಡು ಸ್ವರಗಳ ನಡುವಿನ ಸಂದಿಯಲ್ಲಿ. "ಎರಡೂ ಕೈ ಕೂಡವಲ್ದು" ಎಂಬ ಒಂದೇ ದೂರಿನ ಹಿಂದೆ ಲಯದ ತಪ್ಪು, ಬೆರಳಿನ ಗೊಂದಲ, ನೋಟೇಶನ್ ಓದಿನ ತಡವರಿಕೆ, ಕೆಲವೊಮ್ಮೆ ವಾದ್ಯದ್ದೇ ದೋಷ, ಯಾವುದು ಬೇಕಾದರೂ ಇರಬಹುದು. ಔಷಧಿ ಪ್ರತಿಯೊಂದಕ್ಕೂ ಬೇರೆ.

ಮೊದಲು ವಾದ್ಯ ನೋಡಿ

ಮಗುವನ್ನು ಬೈಯುವ ಮೊದಲು ಕೀಬೋರ್ಡಿನ ಬಟನ್‌ಗಳನ್ನು ನೋಡಿ. ಎಕಂಪನಿಮೆಂಟ್ ಅಥವಾ ಸ್ಪ್ಲಿಟ್ ಆನ್ ಇದ್ದರೆ ಎಡಭಾಗದ ಕೀಗಳು ಒತ್ತಿದ ಸ್ವರದ ಬದಲು ಕಾರ್ಡ್ (ಒಟ್ಟಿಗೆ ಬೀಳುವ ಹಲವು ಸ್ವರ) ಹೊಡೆಯುತ್ತವೆ, ಇಲ್ಲವೇ ಬೇರೆ ವಾದ್ಯದ ಧ್ವನಿಯಲ್ಲಿ ಬರುತ್ತವೆ. ಎಡಗೈ ಸರಿಯಾಗಿ ನುಡಿಸಿದರೂ ಕಿವಿಗೆ ತಪ್ಪಾಗಿ ಕೇಳುತ್ತದೆ, ಮಗು ಕೈ ತೆಗೆಯುತ್ತದೆ. ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿದೆಯೇ, ಟಚ್ (ಜೋರಾಗಿ ಒತ್ತಿದರೆ ಜೋರು, ಮೆಲ್ಲಗೆ ಒತ್ತಿದರೆ ಮೆಲ್ಲಗೆ ಸದ್ದು ಬರುವ ಸೆಟ್ಟಿಂಗ್) ಆನ್ ಇದೆಯೇ ಎಂದೂ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಹಲವು ಮಾದರಿಗಳಲ್ಲಿ ನೀವು ಮಾಡಿಟ್ಟ ಸೆಟ್ಟಿಂಗ್ ಉಳಿದಿರುವುದಿಲ್ಲ. ನಿನ್ನೆ ಸರಿ ಇತ್ತು ಎಂದು ಇವತ್ತು ಬಿಡಬೇಡಿ.

ಬ್ಲೂಟೂತ್ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುತ್ತಿದ್ದರೆ ಅದನ್ನು ಕಳಚಿ, ವೈರ್ ಇರುವುದನ್ನು ಹಾಕಿ. ಬೆರಳು ಬಿದ್ದ ಮೇಲೆ ಸದ್ದು ತಡವಾಗಿ ಬಂದರೆ ಎಂಥ ಪಳಗಿದ ಕೈಯಾದರೂ ಲಯ ಬಿಡುತ್ತದೆ. ರಾತ್ರಿ ಮನೆಯವರಿಗೆ ತೊಂದರೆ ಆಗಬಾರದೆಂದು ಹೆಡ್‌ಫೋನ್ ಕೊಡಿಸಿದ ಮೇಲೆಯೇ ಈ ತೊಂದರೆ ಶುರುವಾಯಿತೇ ಎಂದು ನೆನಪು ಮಾಡಿಕೊಳ್ಳಿ.

ಹುಬ್ಬಳ್ಳಿಯ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಕೀ ಕೆಳಗಿನ ರಬ್ಬರ್ ಕಾಂಟ್ಯಾಕ್ಟಿಗೆ ಧೂಳು ಹಿಡಿದರೆ ಆ ಒಂದು ಕೀ ಇದ್ದಕ್ಕಿದ್ದಂತೆ ಜೋರಾಗಿ ಕೂಗುತ್ತದೆ, ಇಲ್ಲವೇ ಬಾಯಿ ಬಿಡುವುದೇ ಇಲ್ಲ. ಮರದ ಪಿಯಾನೊ ಇರುವವರಿಗೆ ಧಾರವಾಡದ ಮಳೆಗಾಲದಲ್ಲಿ ಬೇರೆ ತಲೆನೋವು: ತೇವಕ್ಕೆ ಮರ, ಬಟ್ಟೆ ಉಬ್ಬಿ ಕೀ ನಿಧಾನವಾಗಿ ಮೇಲೇಳುತ್ತದೆ. ಎಡಗೊನೆಯಿಂದ ಬಲಗೊನೆಯವರೆಗೆ ಒಂದೊಂದೇ ಕೀ ಒತ್ತಿ ಬಿಡಿ. ಯಾವುದು ಪಕ್ಕದ್ದಕ್ಕಿಂತ ತಡ ಮಾಡುತ್ತದೋ ಅದಕ್ಕೆ ಚೀಟಿ ಅಂಟಿಸಿ. ಪಾಠ ನಿಲ್ಲುವ ಜಾಗಕ್ಕೂ ಆ ಚೀಟಿಗೂ ತಾಳೆಯಾದರೆ ರಿಪೇರಿಯವರನ್ನು ಕರೆಯಿರಿ, ಮಗುವನ್ನು ಬಿಡಿ.

ಇನ್ನು ಕೂರುವ ಜಾಗ. 61 ಕೀಗಳ ಕೀಬೋರ್ಡಿನಲ್ಲಿ ಮಿಡಲ್ ಸಿ, ಅಂದರೆ ನಡುವಿನ ಸಿ ಸ್ವರ, ಎಡದಿಂದ ಮೂರನೇ ಸಿ. 88 ಕೀಗಳ ಪಿಯಾನೊದಲ್ಲಿ ಅದು ನಾಲ್ಕನೇ ಸಿ. ಮನೆಯಲ್ಲಿ ಒಂದು, ಕ್ಲಾಸಿನಲ್ಲಿ ಇನ್ನೊಂದು ಎಂದಾದಾಗ ಮಗು ಒಂದು ಕಡೆ ಸರಿದು ಕೂರುತ್ತದೆ, ಎಡಮೊಣಕೈ ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಮಿಡಲ್ ಸಿ ಹೊಕ್ಕಳಿನ ನೇರಕ್ಕೆ ಬರಲಿ. ಮೊಣಕೈ ಕೀಗಳ ಮಟ್ಟದಲ್ಲಿರಲಿ. ಕಾಲು ನೆಲಕ್ಕೆ ಮುಟ್ಟದಿದ್ದರೆ ಕೆಳಗೆ ಒಂದು ಮಣೆ ಇಡಿ, ಜೋಲಾಡುವ ಕಾಲಿನ ಮೇಲೆ ಸೊಂಟ ಗಟ್ಟಿ ನಿಲ್ಲುವುದಿಲ್ಲ. ಕೀಬೋರ್ಡನ್ನು ಮಂಚದ ಮೇಲಿಟ್ಟು ಬಾಗಿ ನುಡಿಸುವ ಪದ್ಧತಿ ನಮ್ಮಲ್ಲಿ ಬಹಳ. ಅದಕ್ಕಿಂತ ನೆಲದ ಮೇಲೆ ಕೂತು, ಮೊಣಕೈ ಮಟ್ಟಕ್ಕೆ ಬರುವಂತೆ ಗಿಡ್ಡ ಮೇಜಿನ ಮೇಲಿಟ್ಟುಕೊಳ್ಳುವುದು ವಾಸಿ.

ಎಲ್ಲಿ ನಿಂತಿತು?

ಪಾಲಕರನ್ನು ಕೇಳಿದರೆ "ಎಲ್ಲಾ ಕಡೆ ತಪ್ತದ್ರಿ" ಅನ್ನುತ್ತಾರೆ. ಎಲ್ಲಾ ಕಡೆ ತಪ್ಪುವುದು ಬಲು ಅಪರೂಪ. ಪಾಠವನ್ನು ನಿಧಾನಕ್ಕೆ ನುಡಿಸಲು ಹೇಳಿ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಿಂತ ಕಡೆ ಗುರುತು ಹಾಕಿ, ಏನೂ ಹೇಳಬೇಡಿ. ಮತ್ತೆ ನುಡಿಸಲಿ, ಮತ್ತೆ ಗುರುತು ಹಾಕಿ. ಗುರುತುಗಳು ಒಂದೆರಡು ಜಾಗದಲ್ಲಿ ಗುಂಪಾಗುತ್ತವೆ. ಇನ್ನೊಂದು ವಿಷಯ: ನಿಂತ ಸ್ವರ ತಪ್ಪಿನ ಜಾಗವಲ್ಲ, ಅದರ ಹಿಂದಿನ ಸ್ವರದಿಂದ ಇದಕ್ಕೆ ಬರುವ ದಾರಿಯೇ ತಪ್ಪಿನ ಜಾಗ. ಗುರುತನ್ನು ಎರಡು ಸ್ವರಗಳ ನಡುವೆ ಹಾಕಿ.

ಆ ಜಾಗ ಸಿಕ್ಕ ಮೇಲೆ ಮೂರು ಪರೀಕ್ಷೆ, ಇದೇ ಕ್ರಮದಲ್ಲಿ.

ಕೀಬೋರ್ಡ್ ಆಫ್ ಮಾಡಿ. ಆ ಒಂದು ಬಾರನ್ನು (ನೋಟೇಶನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ತುಂಡನ್ನು) ಎರಡೂ ಕೈಯಿಂದ ತೊಡೆಯ ಮೇಲೆ ತಟ್ಟಲು ಹೇಳಿ. ಬೆರಳಿನ ಚಿಂತೆ ಬೇಡ, ಬಲಗೈ ಬಲತೊಡೆಗೆ, ಎಡಗೈ ಎಡತೊಡೆಗೆ. ತಟ್ಟುವಾಗಲೇ ತಪ್ಪಿದರೆ ದೋಷ ಲಯದ್ದು.

ತಟ್ಟುವುದು ಸರಿ ಬಂದರೆ, ಪುಸ್ತಕ ಮುಚ್ಚಿ, ಆ ಬಾರನ್ನು ನೀವು ಬೆರಳು ತೋರಿಸಿ ಹೇಳಿಕೊಡಿ. ಪುಸ್ತಕವಿಲ್ಲದೆ ಬಂತು, ಪುಸ್ತಕ ತೆರೆದರೆ ನಿಂತಿತು ಎಂದಾದರೆ ದೋಷ ಓದಿನದು. ಕೈಗಳದ್ದೇನೂ ತಪ್ಪಿಲ್ಲ.

ಪುಸ್ತಕವಿಲ್ಲದೆಯೂ ನಿಂತರೆ ಮಾತ್ರ ಅದು ಬೆರಳುಗಳ ದೋಷ. ಅಂದರೆ ಪಾಲಕರು ಮೊದಲ ದಿನ ಹೇಳಿದ ದೂರು ನಿಜವಾಗಿ ಅನ್ವಯಿಸುವುದು ಈ ಮೂರನೆಯದಕ್ಕೆ. ಮೊದಲೆರಡು ಪರೀಕ್ಷೆಯಲ್ಲೇ ಸಿಕ್ಕಿಬೀಳುವವರ ಸಂಖ್ಯೆ ಹೆಚ್ಚು ಎಂಬುದು ನನ್ನ ಅನುಭವ.

ಲಯದ ದೋಷ: ತಬಲಾದ ಬೋಲು ಬಳಸಿ

ಇದಕ್ಕೆ ನಮ್ಮ ಕಡೆ ಕೈಗೆಟಕುವ ಸಾಧನವೊಂದಿದೆ, ಅದನ್ನು ಬಿಟ್ಟು "ಒನ್ ಆಂಡ್ ಟೂ ಆಂಡ್" ಎಂದು ಏಕೆ ಎಣಿಸುತ್ತೇವೋ! ಗದಗದ ವೀರೇಶ್ವರ ಪುಣ್ಯಾಶ್ರಮದಿಂದ ಹಿಡಿದು ಓಣಿ ಓಣಿಯ ಭಜನಾ ಮೇಳದವರೆಗೆ ತಬಲಾ ಕೇಳದ ಮಗು ಈ ಭಾಗದಲ್ಲಿಲ್ಲ. ತಬಲಾದಲ್ಲಿ ನಾ ಬಲಗೈಯದು, ಗೆ ಡಗ್ಗಾದ್ದು ಅಂದರೆ ಎಡಗೈಯದು, ಎರಡೂ ಒಟ್ಟಿಗೆ ಬಿದ್ದರೆ ಧಾ. ಎರಡು ಕೈಗಳ ಸಂಬಂಧ ಒಂದೇ ಅಕ್ಷರದಲ್ಲಿ ಬಂದುಬಿಟ್ಟಿತು. ಪಿಯಾನೊ ಪಾಠದ ಯಾವ ಬಾರನ್ನಾದರೂ ಈ ಮೂರು ಬೋಲಿನಲ್ಲಿ ಬರೆಯಬಹುದು.

ಎಲ್ಲರೂ ಕಲಿಯುವ ಜಿ ಮೇಜರ್ ಮಿನುಯೆಟ್ ತೆಗೆದುಕೊಳ್ಳಿ. 1725ರಲ್ಲಿ ಆರಂಭವಾದ ಆನಾ ಮಾಗ್ದಲೇನಾ ಬಾಖ್ ಅವರ ಪುಸ್ತಕದಲ್ಲಿರುವುದು. ಬಹುಕಾಲ ಅವರ ಗಂಡ ಜೆ. ಎಸ್. ಬಾಖ್ ರಚನೆ ಎಂದೇ ನಂಬಲಾಗಿತ್ತು, ನಿಜಕ್ಕೂ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಬರೆದದ್ದು. ಜಿ ಯನ್ನು ಸ ಎಂದುಕೊಂಡರೆ ಬಲಗೈ ಮೊದಲ ಬಾರಿನಲ್ಲಿ ಪ, ಸರಿ, ಗಮ. ಎರಡನೆಯದರಲ್ಲಿ ಪ, ಸ, ಸ. ಮೂರು ಮಾತ್ರೆಯ ಬಾರು, ಮಾತ್ರೆಗೆ ಎರಡು ಮನೆಯಂತೆ ಆರು ಮನೆ. ಎಡಗೈ ಮೊದಲ ಮಾತ್ರೆಗೆ ಸ ಹಿಡಿದು ಮೂರನೇ ಮಾತ್ರೆಗೆ ರಿ ಗೆ ಹೋಗುತ್ತದೆ. ಬೋಲಿನಲ್ಲಿ ಬರೆದರೆ:

ಧಾ – ನಾ ನಾ ಧಾ ನಾ

ಎರಡನೇ ಬಾರು:

ಧಾ – ನಾ – ನಾ –

ಗಣಿತದ ಚೌಕದ ನೋಟ್‌ಬುಕ್ಕಿನಲ್ಲಿ ಒಂದು ಚೌಕಕ್ಕೊಂದು ಬೋಲು ಬರೆಯಿಸಿ. ಮೊದಲು ಬಾಯಲ್ಲಿ, ಆಮೇಲೆ ಬಾಯಿ ಮತ್ತು ತೊಡೆ, ಆಮೇಲೆ ಕೀ. ಬಾಯಿಗೆ ಬಂದದ್ದು ಕೈಗೆ ಬರುವುದು ತಡವಲ್ಲ.

ಈ ಮಿನುಯೆಟ್‌ನಲ್ಲಿ ಮಕ್ಕಳು ಎಡವುವುದು ಎಲ್ಲಿ ಎಂದು ನೋಡಿದರೆ ಹೆಚ್ಚಾಗಿ ಏಳನೇ ಬಾರು. ಕಾರಣ ಬೋಲು ಬರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡರಿಂದ ಆರನೇ ಬಾರಿನವರೆಗೆ ಎಡಗೈ ಬಾರಿಗೊಂದೇ ಸ್ವರ ಹಿಡಿದು ಆರಾಮಾಗಿ ಕೂತಿರುತ್ತದೆ. ಏಳನೆಯದರಲ್ಲಿ ಮಾತ್ರೆಗೊಂದು ಸ್ವರ ಬೇಕು:

ಧಾ – ಧಾ ನಾ ಧಾ ನಾ

ಎಂಟನೆಯದರಲ್ಲಿ ಬಲಗೈ ಒಂದೇ ಸ್ವರದ ಮೇಲೆ ನಿಂತುಬಿಡುತ್ತದೆ, ಎಡಗೈ ಓಡುತ್ತದೆ. ಧಾ ಆದ ಮೇಲೆ ಬರೀ ಗೆ ಗೆ ಗೆ ಗೆ. ಅಷ್ಟು ಹೊತ್ತು ಬಲಗೈಯ ಬೆನ್ನು ಹತ್ತಿದ್ದ ಕಿವಿ ಒಮ್ಮೆಲೇ ಎಡಕ್ಕೆ ತಿರುಗಬೇಕು. ತಿರುಗದಿದ್ದರೆ ಮಗು ಎಂಟನೇ ಬಾರಿಗೆ ಪಾಠ ಮುಗಿಯಿತೆಂದು ಕೈ ಎತ್ತುತ್ತದೆ. ಇದಕ್ಕೆ ಮೊದಲಿನಿಂದ ನೂರು ಸಲ ನುಡಿಸಿದರೂ ಪ್ರಯೋಜನ ಇಲ್ಲ. ಆರನೇ ಬಾರಿನ ಧಾ ದಿಂದ ಒಂಬತ್ತನೇ ಬಾರಿನ ಮೊದಲ ಧಾ ವರೆಗೆ, ಅಷ್ಟನ್ನೇ ಕತ್ತರಿಸಿ ನುಡಿಸಬೇಕು.

ಕತ್ತರಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ: ತುಂಡು ಯಾವಾಗಲೂ ಒಂದು ಧಾ ದಿಂದ ಶುರುವಾಗಿ ಮುಂದೆ ಬರುವ ಇನ್ನೊಂದು ಧಾ ದಲ್ಲಿ ಮುಗಿಯಲಿ, ಎರಡೂ ಧಾ ಸೇರಿ. ಬಾರಿನ ಗೆರೆಗೆ ಕತ್ತರಿಸಿದರೆ ಗೆರೆ ದಾಟುವ ಜೋಡಣೆ ಯಾವ ತುಂಡಿನಲ್ಲೂ ಬರುವುದಿಲ್ಲ. ಪ್ರತಿ ಬಾರಿನ ಕೊನೆಗೆ ಒಂದು ಕ್ಷಣ ನಿಲ್ಲುವ ಮಕ್ಕಳನ್ನು ನೋಡಿ, ಅವರು ಬಾರು ಬಾರಾಗಿಯೇ ಅಭ್ಯಾಸ ಮಾಡಿರುತ್ತಾರೆ.

ಒಂದೊಂದು ಕೈಯ ಅಭ್ಯಾಸ ಪೂರ್ತಿ ಬೇಡ ಎನ್ನುತ್ತಿಲ್ಲ. ಅದರ ಮತ್ತು ಎರಡು ಕೈಯ ನಡುವೆ ಒಂದು ಮೆಟ್ಟಿಲು ಹಾಕಿ: ಬಲಗೈ ಪೂರ್ತಿ ನುಡಿಸಲಿ, ಎಡಗೈ ಸಮ್ (ಬಾರಿನ ಮೊದಲ ಮಾತ್ರೆ) ಬಂದಾಗ ಮಾತ್ರ ಬೀಳಲಿ. ಮರುದಿನ ಎಡಗೈ ಪೂರ್ತಿ, ಬಲಗೈ ಸಮ್ ಮಾತ್ರ. ಪಾಠದ ಮೊದಲ ದಿನದಿಂದಲೇ ಹೀಗೆ ಮಾಡಿದರೆ "ಕೂಡಿಸುವ ದಿನ" ಎಂಬ ಭಯವೇ ಇರುವುದಿಲ್ಲ.

ಮುಂದೆ ಎಂದೋ ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು ಬರುವ ಪಾಠ ಎದುರಾದಾಗಲೂ ಇದೇ ದಾರಿ. ಬಲಗೈ ಮೂರು, ಎಡಗೈ ಎರಡು ಎಂದರೆ ಆರು ಮನೆಯಲ್ಲಿ ಧಾ – ನಾ ಗೆ ನಾ –. ಬಾಯಲ್ಲಿ ಹೇಳಿದರೆ ಎಷ್ಟು ಸಣ್ಣ ವಿಷಯ!

ಕನ್ನಡಿ ದೋಷ

ಮೂರನೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಇದೇ. ಲಕ್ಷಣ ಹೀಗೆ: ನಿಧಾನಕ್ಕೆ ನುಡಿಸಿದರೆ ಸರಿ, ಸ್ವಲ್ಪ ವೇಗ ಏರಿಸಿದ ಕೂಡಲೇ ಎಡಗೈ ತಾನೇ ಉಲ್ಟಾ ಹೊರಡುತ್ತದೆ. ಬಲಗೈ ಮೇಲೆ ಹೋದರೆ ಎಡಗೈ ಕೆಳಗೆ. ಮಗು ಗಾಬರಿಯಾಗಿ ಎಡಗೈಯನ್ನೇ ನೋಡುತ್ತ ಕೂರುತ್ತದೆ.

ಮೇಜಿನ ಮೇಲೆ ಎರಡೂ ಕೈ ಊರಿ, ಎರಡು ತೋರುಬೆರಳನ್ನು ಬಸ್ಸಿನ ವೈಪರಿನಂತೆ ಒಂದೇ ದಿಕ್ಕಿಗೆ ಆಡಿಸಿ: ಎರಡೂ ಎಡಕ್ಕೆ, ಎರಡೂ ಬಲಕ್ಕೆ. ವೇಗ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮನ್ನು ಕೇಳದೆ ಕನ್ನಡಿಯಂತೆ ಆಡತೊಡಗುತ್ತವೆ, ಎರಡೂ ಒಳಕ್ಕೆ, ಎರಡೂ ಹೊರಕ್ಕೆ. ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಎರಡು ಕೈಗೆ ಕನ್ನಡಿ ಚಲನೆ ಸಹಜ, ಒಂದೇ ದಿಕ್ಕಿನ ಚಲನೆ ಕಲಿತು ಬರಬೇಕಾದದ್ದು. ಮಗುವಿಗೆ ಇದನ್ನು ಮಾಡಿಸಿ ತೋರಿಸಿದರೆ "ನನ್ನ ಎಡಗೈ ದಡ್ಡ" ಎಂಬ ಮಾತು ನಿಲ್ಲುತ್ತದೆ, ಅಷ್ಟಾದರೂ ಲಾಭ.

ಈಗ ಕೀಗಳ ಮೇಲೆ ನೋಡಿ. ಪಿಯಾನೊದಲ್ಲಿ ಎರಡೂ ಕೈಯ ಹೆಬ್ಬೆರಳು 1, ಕಿರುಬೆರಳು 5. ಎರಡೂ ಕೈ ಸ ದಿಂದ ಪ ವರೆಗೆ ಒಟ್ಟಿಗೆ ಏರಿದರೆ ಬಲಗೈಯದು 1-2-3-4-5, ಎಡಗೈಯದು 5-4-3-2-1. ಕಿವಿಗೆ ಒಂದೇ ಸ್ವರ, ಬೆರಳಿಗೆ ಪೂರ್ತಿ ಉಲ್ಟಾ. ಅದೇ ಎರಡು ಹೆಬ್ಬೆರಳೂ ಮಧ್ಯದಲ್ಲಿ ಕೂಡಿ ಹೊರಕ್ಕೆ ಹೊರಟರೆ ಎರಡೂ ಕೈಯಲ್ಲಿ 1-2-3-4-5. ಬೆರಳಿಗೆ ಸುಲಭ, ಕಿವಿಗೆ ಹೊಸದು. ಆರಂಭದ ಪಾಠಪುಸ್ತಕ ಆರಿಸುವಾಗ ಇದು ಗಮನಕ್ಕಿರಬೇಕು. ಹಂಗೇರಿಯ ಸಂಗೀತ ರಚನಕಾರ ಬಾರ್ಟೋಕ್ 1926ರಿಂದ 1939ರವರೆಗೆ ಬರೆದ 153 ಪಾಠಗಳ ಮಿಕ್ರೊಕಾಸ್ಮೊಸ್ ಸಂಪುಟಗಳು ಎರಡೂ ಕೈ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸುವ 6 ಪಾಠಗಳಿಂದ ಶುರುವಾಗುತ್ತವೆ. ಹಾಡಿನ ಹಿನ್ನೆಲೆಯಿಂದ ಬಂದ, ಕಿವಿ ಗಟ್ಟಿ ಇರುವ ಮಕ್ಕಳಿಗೆ ಇದು ಒಗ್ಗುತ್ತದೆ. ಬೆರಳೇ ಮಾತು ಕೇಳದ ಮಗುವಿಗೆ ನಾನು ಮೊದಲು ಎದುರು-ಬದುರು ಚಲನೆ ಕೊಡುತ್ತೇನೆ, ಅದು ಹದಕ್ಕೆ ಬಂದ ಮೇಲೆ ಬಾರ್ಟೋಕ್.

ಸ್ಕೇಲಿಗೂ ಇದೇ ಕ್ರಮ. ಸಿ ಮೇಜರ್ ಸ್ಕೇಲನ್ನು ಮಿಡಲ್ ಸಿ ಯಿಂದ ಹೊರಕ್ಕೆ ನುಡಿಸಿದರೆ ಎರಡೂ ಹೆಬ್ಬೆರಳು ಒಂದೇ ಕ್ಷಣಕ್ಕೆ ಒಳಗೆ ತೂರುತ್ತವೆ. ಒಟ್ಟಿಗೆ ಏರುವಾಗ ಹಾಗಲ್ಲ: ಬಲಗೈಯ ಹೆಬ್ಬೆರಳು ಮ ದಲ್ಲಿ ಒಳಗೆ ಬರುತ್ತದೆ, ಎಡಗೈಯ ನಡುಬೆರಳು ಧ ದಲ್ಲಿ ಮೇಲಿಂದ ದಾಟುತ್ತದೆ. ಗ ದಿಂದ ಧ ವರೆಗಿನ ನಾಲ್ಕೇ ಸ್ವರದಲ್ಲಿ ಎಲ್ಲ ಗದ್ದಲ. ಸ್ಕೇಲು ಪೂರ್ತಿ ನುಡಿಸಿ ನುಡಿಸಿ ಬೇಸರ ಬರಿಸುವ ಬದಲು ಆ ನಾಲ್ಕನ್ನೇ ಏರಿ ಇಳಿಯಿರಿ. ದಾರಿಗುರುತೂ ಒಂದಿದೆ: ಏರುವಾಗಲೂ ಇಳಿಯುವಾಗಲೂ ಗ ಮತ್ತು ಧ ಮೇಲೆ ಎರಡೂ ಕೈಯ ನಡುಬೆರಳೇ ಬೀಳುತ್ತದೆ. "ಗ ದಾಗ ಮೂರು ಮೂರು, ಧ ದಾಗ ಮೂರು ಮೂರು" ಎಂದು ಬಾಯಿಪಾಠ ಮಾಡಿಸಿ. ಅಲ್ಲಿ ಬೇರೆ ಬೆರಳು ಬಂದರೆ ದಾರಿ ಎಲ್ಲಿ ತಪ್ಪಿತೆಂದು ಮಗುವಿಗೇ ಗೊತ್ತಾಗುತ್ತದೆ.

ಓದಿನ ದೋಷ

ಬೈಯರ್ ಅವರ ಓಪಸ್ (ಕೃತಿಸಂಖ್ಯೆ) 101, ಚೆರ್ನಿ ಅವರ ಓಪಸ್ 599, ಇವೆರಡೂ ಹಳೆಯ, ಒಳ್ಳೆಯ ಪುಸ್ತಕಗಳು. ಚೆರ್ನಿ ಬೀಥೋವನ್ನರ ಶಿಷ್ಯ, ಲಿಸ್ಟ್‌ನ ಗುರು. ಕಲಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎರಡರಲ್ಲೂ ಆರಂಭದ ಪಾಠಗಳಲ್ಲಿ ಎಡಗೈಗೂ ಟ್ರೆಬಲ್ ಕ್ಲೆಫ್ಪೇ, ಅಂದರೆ ಮೇಲಿನ ಸ್ವರಗಳನ್ನು ಬರೆಯುವ ಗುರುತೇ. ಅಲ್ಲಿಯವರೆಗೆ ಸಲೀಸಾಗಿ ಸಾಗಿದ ಮಗು ಕೆಳಗಿನ ಸ್ವರಗಳ ಬೇಸ್ ಕ್ಲೆಫ್ ಬಂದ ಕೂಡಲೇ ಕುಂಟುತ್ತದೆ, ಮನೆಯವರು ಕೈಗಳ ಮೇಲೆ ತಪ್ಪು ಹೊರಿಸುತ್ತಾರೆ. ಎಡಗೈಯ ಸಾಲನ್ನೊಂದನ್ನೇ ಓದಿಸಿ ನೋಡಿ. ಸ್ವರ ಸ್ವರಕ್ಕೂ ತಡವರಿಸಿದರೆ ಕಾರಣ ಸಿಕ್ಕಿತು. ಬೇಸ್ ಕ್ಲೆಫ್ಪಿನ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್. ಅದನ್ನೂ ಸ್ಟಾಫಿನ (ಐದು ಗೆರೆಗಳ ಸಾಲಿನ) ಮೇಲ್ಗಡೆ ಕೂರುವ ಮಿಡಲ್ ಸಿ ಯನ್ನೂ ಗಟ್ಟಿ ಹಿಡಿದು, ಉಳಿದದ್ದನ್ನು ಅಲ್ಲಿಂದ ಎಷ್ಟು ಮೆಟ್ಟಿಲು ಎಂದು ಓದಲಿ.

ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಸ್ಟಾಫ್ ಬಿಟ್ಟು ಸ್ವರದ ಹೆಸರುಗಳನ್ನು ಸಾದಾ ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದುಕೊಡುವುದು, ಮೇಲೆ ಬಲಗೈ, ಕೆಳಗೆ ಎಡಗೈ. ಅಚ್ಚಾದ ನೋಟೇಶನ್‌ನಲ್ಲಿ ಒಟ್ಟಿಗೆ ಬೀಳುವ ಸ್ವರಗಳು ಒಂದರ ಕೆಳಗೊಂದು ನೇರವಾಗಿ ಕೂತಿರುತ್ತವೆ. ಕೈಬರಹದಲ್ಲಿ ಆ ನೇರ ಹೋಗಿಬಿಡುತ್ತದೆ. ಬಲಗೈಯ ಎಂಟು ಅಕ್ಷರದ ಕೆಳಗೆ ಎಡಗೈಯ ಮೂರು ಅಕ್ಷರ ಎಲ್ಲೋ ಒಂದು ಮೂಲೆಯಲ್ಲಿ. ಯಾವುದು ಯಾವುದರ ಜೊತೆ ಎಂದು ಬರೆದವರಿಗೇ ಮರುದಿನ ಹೇಳಲಾಗದು, ಮಗು ಹೇಗೆ ಕೂಡಿಸೀತು? ಮತ್ತೆ ಅದೇ ಚೌಕದ ನೋಟ್‌ಬುಕ್ಕಿಗೆ ಬನ್ನಿ. ಇಲ್ಲವೇ ಅಚ್ಚಿನ ಪುಟದ ಮೇಲೆ ಪ್ರತಿ ಧಾ ಗೆ ಮೇಲಿಂದ ಕೆಳಗೆ ಒಂದು ಪೆನ್ಸಿಲ್ ಗೆರೆ ಎಳೆಯಿರಿ.

ಪೇಟಿಯಿಂದ ಬಂದವರು, ತಬಲಾದಿಂದ ಬಂದವರು

ಮಗು ಮೊದಲು ಏನು ಕಲಿತಿತ್ತು ಎಂದು ಕೇಳುವುದು ಅರ್ಧ ರೋಗಪರೀಕ್ಷೆ. ಪೇಟಿ ಅಂದರೆ ಹಾರ್ಮೋನಿಯಂ ಕಲಿತ ಮಕ್ಕಳ ಬಲಗೈ ಚುರುಕು, ಕಿವಿ ಅದಕ್ಕಿಂತ ಚುರುಕು. ಎಡಗೈ ಮಾತ್ರ ಗಾಳಿ ಹಾಕಿಯೇ ಗೊತ್ತು. ಪಿಯಾನೊಗೆ ಬಂದಾಗ ಅದು ಬೆರಳಿನಿಂದ ಒತ್ತುವುದಿಲ್ಲ, ಮಣಿಕಟ್ಟಿನಿಂದ ಇಡೀ ಕೈಯನ್ನೇ ತಳ್ಳುತ್ತದೆ. ಕೈಬೆನ್ನಿನ ಮೇಲೆ ಒಂದು ನಾಣ್ಯ ಇಟ್ಟು ಐದು ಸ್ವರ ನುಡಿಸಲು ಹೇಳಿ, ಎಡಗೈಯ ನಾಣ್ಯ ಮೊದಲನೆಯದಕ್ಕೇ ಬೀಳುತ್ತದೆ. ಇವರಿಗೆ ಕೆಲ ದಿನ ಎಡಗೈಗೇ ರಾಗ ಕೊಡಬೇಕು. ಗೊತ್ತಿರುವ ವಚನದ ಧಾಟಿಯನ್ನೋ ಭೂಪಾಲಿಯ ಸರಗಮ್ಮನ್ನೋ ಎಡಗೈಯಲ್ಲಿ ನುಡಿಸಲಿ, ಬಲಗೈ ಸ ಹಿಡಿದು ಕೂರಲಿ. ಬರ್ಗ್‌ಮ್ಯುಲ್ಲರ್ ಅವರ ಓಪಸ್ 100ರ ಎರಡನೇ ಪಾಠ, ಅರಬೆಸ್ಕ್, ಮುಂದೆ ಇವರಿಗೆ ಹೇಳಿ ಮಾಡಿಸಿದಂತಿದೆ. ಬಲಗೈಯ ಓಟವನ್ನು ನಡುವೆ ಎಡಗೈಗೂ ಕೊಡುತ್ತದೆ.

ತಬಲಾದಿಂದ ಬಂದವರದು ಬೇರೆ ಕಥೆ. ಎರಡು ಕೈ, ಲಯ, ಯಾವುದಕ್ಕೂ ಕೊರತೆಯಿಲ್ಲ. ಆದರೆ ತಬಲಾದಲ್ಲಿ ಹೊಡೆದ ಮೇಲೆ ಕೈ ಎತ್ತಿಬಿಡಬಹುದು, ಪಿಯಾನೊದಲ್ಲಿ ಕೀ ಎತ್ತಿದರೆ ಸ್ವರ ಸಾಯುತ್ತದೆ. ಇವರ ಎಡಗೈಯ ಉದ್ದ ಸ್ವರಗಳೆಲ್ಲ ತುಂಡು ತುಂಡು. ಚೌಕದ ನೋಟ್‌ಬುಕ್ಕಿನಲ್ಲಿ ಗೆ ಯಿಂದ ಅದು ನಿಲ್ಲಬೇಕಾದ ಮನೆಯವರೆಗೆ ಒಂದು ಅಡ್ಡಗೆರೆ ಎಳೆದರೆ ಸಾಕು, ತಿಳಿದುಕೊಳ್ಳುತ್ತಾರೆ. ಚರ್ಚಿನಲ್ಲಿ ಭಕ್ತಿಗೀತೆಗಳಿಗೆ ಕಾರ್ಡ್ ಹಿಡಿದು ನುಡಿಸುತ್ತಿದ್ದವರಿಗೆ ಎರಡೂ ಕೈ ಒಟ್ಟಿಗೆ ಬೀಳುವುದೇ ಅಭ್ಯಾಸ, ಎಲ್ಲವೂ ಧಾ ಧಾ ಧಾ. ಅವರಿಗೆ ಒಂದು ಕೈ ಮುಂದೆ, ಇನ್ನೊಂದು ಅದೇ ಧಾಟಿಯಲ್ಲಿ ಹಿಂದೆ ಬರುವ ಸಣ್ಣ ಕ್ಯಾನನ್‌ಗಳನ್ನು ಕೊಡಿ.

ಕೂಡಿತು, ಆದರೆ ಕೇಳಲು ಚಂದವಿಲ್ಲ

ಎಡಗೈ ಬಲಗೈಯನ್ನು ಮುಚ್ಚಿಹಾಕುವುದು ಇಲ್ಲಿ ಮುಖ್ಯ ದೋಷ. ಮೋಟ್ಸಾರ್ಟ್ 1788ರಲ್ಲಿ ಆರಂಭಿಕರಿಗೆಂದೇ ಬರೆದ ಸಿ ಮೇಜರ್ ಸೊನಾಟಾದಲ್ಲಿ ಎಡಗೈ ಸ ಪ ಗ ಪ, ಸ ಪ ಗ ಪ ಎಂದು ಓಡುತ್ತಿರುತ್ತದೆ, ಮೇಲೆ ಬಲಗೈಯದು ನಿಧಾನದ ಹಾಡು. ಸ್ವರ ಹೆಚ್ಚಿರುವ ಕೈಯೇ ಹೆಚ್ಚು ಸದ್ದು ಮಾಡುತ್ತದೆ. ಮೊದಲು ಎಡಗೈಯ ನಾಲ್ಕು ಸ್ವರವನ್ನು ಒಂದೇ ಕಾರ್ಡಾಗಿ ಒತ್ತಿ ನುಡಿಸಲಿ. ಆಮೇಲೆ ಎಡಗೈ ಕೀಗಳನ್ನು ಸವರಲಿ, ಸದ್ದು ಬರಬಾರದು, ಬಲಗೈ ಮಾತ್ರ ಹಾಡಲಿ. ಮೂರನೆಯ ಸಲಕ್ಕೆ ಸದ್ದು ಬರುವಷ್ಟೇ ಒತ್ತಲಿ. ಪೇಟಿಯ ಮಕ್ಕಳು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ, ಪೇಟಿಯಲ್ಲಿ ಸದ್ದಿನ ಏರಿಳಿತ ಗಾಳಿಯಿಂದ ಬರುತ್ತದೆ, ಕೀ ಎಷ್ಟು ಜೋರಾಗಿ ಒತ್ತಿದರೂ ಅಷ್ಟೇ. ಟಚ್ ಇಲ್ಲದ ಕೀಬೋರ್ಡಿನಲ್ಲಿ ಈ ದೋಷ ತಿದ್ದಲು ಹೋಗಬೇಡಿ, ಆಗುವ ಕೆಲಸವಲ್ಲ.

ಒಂದು ಕೈ ಸ್ಟಕಾಟೊ ಆದರೆ ಇನ್ನೊಂದೂ ಪುಟಿಯುವುದು ಎರಡನೇ ದೋಷ. ಸ ರಿ ಗ ಮ ಪ ಮಾತ್ರ ಸಾಕು: ಬಲಗೈ ಜೋಡಿಸಿ, ಎಡಗೈ ಪುಟಿಸಿ, ಮರುಸಲ ಅದಲು ಬದಲು.

ವೇಗ ಏರಿಸಿದಾಗ ಎಲ್ಲ ಒಮ್ಮೆಲೇ ಕುಸಿದರೆ ಏರಿಸಿದ್ದು ಜಾಸ್ತಿಯಾಯಿತು ಎಂದಷ್ಟೇ ಅರ್ಥ. ಲಯ ಹೊಡೆಯುವ ಮೆಟ್ರೋನೋಮ್ ಅನ್ನು 60ರಿಂದ 80ಕ್ಕೆ ಹಾರಿಸಬೇಡಿ, 63, 66 ಎಂದು ಹೋಗಿ.

ಹಾನೋನ್ ಅವರ ಬೆರಳಿನ ಅಭ್ಯಾಸದ ಪುಸ್ತಕದ ಬಗ್ಗೆ ಕೇಳುವವರು ಬಹಳ. 1873ರಲ್ಲಿ ಬಂದ ಆ 60 ಪಾಠಗಳಲ್ಲಿ, ಅದರಲ್ಲೂ ಮೊದಲ ಭಾಗದಲ್ಲಿ, ಎರಡೂ ಕೈ ಒಂದು ಸಪ್ತಕದ ಅಂತರದಲ್ಲಿ ಒಂದೇ ಸ್ವರ ನುಡಿಸುತ್ತವೆ. ಎರಡು ಕೈ ಸರಿಯಾಗಿ ಒಂದೇ ಕ್ಷಣಕ್ಕೆ ಬೀಳುತ್ತಿಲ್ಲ, ಟಕಟಕ ಎಂದು ಹಿಂದೆಮುಂದೆ ಆಗುತ್ತಿವೆ ಎಂಬ ದೋಷಕ್ಕೆ ಅದು ಮದ್ದು. ಒಂದು ಕೈ ಒಂದು ಕೆಲಸ, ಇನ್ನೊಂದು ಬೇರೆ ಕೆಲಸ ಮಾಡಬೇಕಾದ ಕಡೆ ಹಾನೋನ್ ಎಷ್ಟು ನುಡಿಸಿದರೂ ಬಂದಲ್ಲೇ ಬಂದು ನಿಲ್ಲುತ್ತೀರಿ.

ಎಲ್ಲ ಪರೀಕ್ಷೆಯೂ ಸರಿ, ತಟ್ಟಿದರೆ ಸರಿ, ಓದಿದರೆ ಸರಿ, ತುಂಡಾಗಿ ನುಡಿಸಿದರೂ ಸರಿ, ಆದರೂ ವಾರ ವಾರ ಅದೇ ಬಾರಿನಲ್ಲಿ ನಿಲ್ಲುತ್ತದೆ ಎಂದಾದರೆ ಉಳಿದದ್ದು ಒಂದೇ, ಬೆರಳಿನ ಸಂಖ್ಯೆ. ಮಗು ಆ ಬಾರನ್ನು ಒಂದು ಸಲ ಒಂದು ಬೆರಳಿನಿಂದ, ಇನ್ನೊಂದು ಸಲ ಇನ್ನೊಂದರಿಂದ ನುಡಿಸುತ್ತಿರುತ್ತದೆ. ಒಂದು ಕೈಯಲ್ಲಿ ಅದು ನಡೆದುಹೋಗುತ್ತದೆ, ಎರಡು ಕೈಯಲ್ಲಿ ಸಿಕ್ಕಿಬೀಳುತ್ತದೆ. ಫೋನಿನಲ್ಲಿ ಕೈಗಳ ಮೇಲಿಂದ ವಿಡಿಯೊ ಮಾಡಿ, ಎರಡು ಸಲದ್ದನ್ನು ಹೋಲಿಸಿ ನೋಡಿ. ಪುಸ್ತಕದಲ್ಲಿ ಅಚ್ಚಾದ ಬೆರಳು ಸಣ್ಣ ಕೈಗೆ ಎಟಕದಿದ್ದರೆ ಅದನ್ನು ಹೊಡೆದುಹಾಕಿ ಎಟಕುವ ಬೆರಳನ್ನು ಬರೆಯಿರಿ. ಬರೆದ ಮೇಲೆ ಮಾತ್ರ ಬದಲಿಸಬೇಡಿ, ಎರಡೂ ಕೈಯ ಸಂಖ್ಯೆ ಒಂದೇ ಪೆನ್ಸಿಲ್ ಗೆರೆಯ ಮೇಲೆ ಮತ್ತು ಕೆಳಗೆ ಇರಲಿ.